ರಾಯಭಾರಿ ಅಂದ್ರೆ ಬರೀ ಪಾರ್ಟಿಗೆ ಹೋಗೋರಾ?

ಪ್ರಶ್ನೆ: ದಿಲ್ಲಿಯಲ್ಲಿದ್ದ ರಷ್ಯಾದ ರಾಯಭಾರಿ ಕದಾಕಿನ್ ಹಿಂದಿಯಲ್ಲೇ ಮಾತಾಡುತ್ತಿದ್ದರಂತೆ, ನಿಜವೇ ಸಾರ್? ಇಂಥವರು ರಾಜಕಾರಣಿಗಳೇ? ಎರಡು ಮೂರು ವರ್ಷ ಪಾರ್ಟಿ ಮಾಡಿಕೊಂಡು ಹೋಗುವವರೇ? ಮಗಳು ಐಎಫ್‌ಎಸ್‌ಗೆ (ನಮ್ಮ ವಿದೇಶಾಂಗ ಸೇವೆಗೆ) ಓದುತ್ತಿದ್ದಾಳೆ, ಅದಕ್ಕೆ ಕೇಳಿದೆ.
— ಒಬ್ಬ ಓದುಗರು, ತಿಪಟೂರು

ಉತ್ತರ: ನಿಜ. ದಿಲ್ಲಿಯಲ್ಲಿ ವರದಿಗಾರನಾಗಿದ್ದಾಗ ಅವರ ಹಿಂದಿ ಕೇಳಿದ್ದೇನೆ. ನನ್ನದಕ್ಕಿಂತ ಎಷ್ಟೋ ಮೇಲು.

ಅಲೆಕ್ಸಾಂಡರ್ ಕದಾಕಿನ್ ರಾಜಕಾರಣಿಯಲ್ಲ, ವಿದೇಶಾಂಗ ಖಾತೆಯಲ್ಲೇ ಬೆಳೆದವರು. ಹುಟ್ಟಿದ್ದು 1949ರಲ್ಲಿ, ಈಗಿನ ಮೊಲ್ಡೋವಾದ ಕಿಶಿನೇವ್‌ನಲ್ಲಿ. ಓದಿದ್ದು ಮಾಸ್ಕೋದ ಅಂತರರಾಷ್ಟ್ರೀಯ ಸಂಬಂಧಗಳ ಸಂಸ್ಥೆಯಲ್ಲಿ. 1971ರಲ್ಲಿ ದಿಲ್ಲಿಗೆ ಬಂದಾಗ ಇನ್ನೂ ಹುಡುಗ, ರಾಯಭಾರ ಕಚೇರಿಯಲ್ಲಿ ತೀರ ಕಿರಿಯ. 1989ರಲ್ಲಿ ಮತ್ತೆ ದಿಲ್ಲಿಗೆ, ಈ ಸಲ ದೊಡ್ಡ ಹುದ್ದೆ. ಬಂದಿದ್ದು ಸೋವಿಯತ್ ಒಕ್ಕೂಟದಿಂದ, 1993ರಲ್ಲಿ ಹೊರಡುವಾಗ ಅದೇ ಇರಲಿಲ್ಲ! ಆಮೇಲೆ ನೇಪಾಳದಲ್ಲಿ ರಾಯಭಾರಿ. 1999ರಿಂದ 2004ರವರೆಗೆ ಭಾರತದಲ್ಲಿ. ನಡುವೆ ಸ್ವೀಡನ್. 2009ರಲ್ಲಿ ಪುನಃ ಭಾರತ.

ಹೀಗೆ ಒಂದೇ ದೇಶಕ್ಕೆ ಮತ್ತೆ ಮತ್ತೆ ಕಳಿಸುವುದರಲ್ಲಿ ಲೆಕ್ಕಾಚಾರ ಇದೆ. ನಮ್ಮ ಕಾರವಾರಕ್ಕೆ ಬಂದ ವಿಕ್ರಮಾದಿತ್ಯ ಯುದ್ಧನೌಕೆಯನ್ನೇ ನೋಡಿ. ಮೊದಲು ‘ಅಡ್ಮಿರಲ್ ಗೋರ್ಷ್ಕೋವ್’ ಅನ್ನುವ ರಷ್ಯಾದ ಹಡಗಾಗಿದ್ದ ಅದನ್ನು ಕೊಳ್ಳುವ ಒಪ್ಪಂದಕ್ಕೆ 2004ರ ಜನವರಿಯಲ್ಲಿ ಸಹಿ ಬಿತ್ತು. ದುರಸ್ತಿ ಎಳೆಯುತ್ತಾ ಹೋಯಿತು. ಸುಮಾರು 97 ಕೋಟಿ ಡಾಲರ್ ಇದ್ದ ಬೆಲೆ ಕೊನೆಗೆ 230 ಕೋಟಿ ದಾಟಿತು. ಇಲ್ಲಿ ಎಲ್ಲರಿಗೂ ಸಿಟ್ಟು, ಇರಲೇಬೇಕು ಬಿಡಿ. 2013ರ ನವೆಂಬರ್‌ನಲ್ಲಿ ಹಡಗು ನಮ್ಮ ಕೈಗೆ ಬಂತು. ಸಹಿಯಾದಾಗಲೂ ಹಡಗು ಬಂದಾಗಲೂ ದಿಲ್ಲಿಯಲ್ಲಿ ರಷ್ಯಾದ ರಾಯಭಾರಿ ಇದೇ ಮನುಷ್ಯ. ಇಂಥ ಜಗಳದಲ್ಲಿ ಎದುರಿಗೆ ಕೂತವರಿಗೆ ಹಳೇ ಮುಖ ಕಂಡರೆ ಮಾತು ಸ್ವಲ್ಪ ಸುಲಭ, ಅಲ್ವಾ?

ಬೆಂಗಳೂರಿನವರಿಗೆ ಇನ್ನೊಂದು ನಂಟು. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿದ್ದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಕದಾಕಿನ್‌ಗೆ ಆಪ್ತರು. ರೋರಿಕ್ ಕುಟುಂಬದ ಹಿಮಾಚಲದ ನಗ್ಗರ್ ಮನೆಯನ್ನು ನೋಡಿಕೊಳ್ಳುವ ಟ್ರಸ್ಟಿನಲ್ಲಿ ಇವರು ಉಪಾಧ್ಯಕ್ಷರಾಗಿದ್ದರು. ಇದು ಸುಮ್ನೆ ಕಚೇರಿ ಕೆಲಸ ಅನ್ನಿಸುವುದಿಲ್ಲ.

ರಾಯಭಾರಿಗಳೆಲ್ಲ ಹೀಗೆ ಖಾತೆಯಲ್ಲೇ ಬೆಳೆದವರು ಅಂದುಕೊಳ್ಳಬೇಡಿ. ಇವರ ಎರಡು ಅವಧಿಗಳ ನಡುವೆ ಬಂದ ವ್ಯಾಚೆಸ್ಲಾವ್ ತ್ರುಬ್ನಿಕೋವ್ ರಷ್ಯಾದ ವಿದೇಶಿ ಗೂಢಚಾರ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ಉಕ್ರೇನಿಗೆ ರಾಯಭಾರಿಯಾಗಿ ಹೋದ ಚೆರ್ನೊಮಿರ್ದಿನ್ ಅಂತೂ ಮಾಜಿ ಪ್ರಧಾನಿ!

ಕದಾಕಿನ್ ಹುದ್ದೆಯಲ್ಲಿರುವಾಗಲೇ, 2017ರ ಜನವರಿ 26ರಂದು, ದಿಲ್ಲಿಯಲ್ಲೇ ತೀರಿಕೊಂಡರು. ಮರುವರ್ಷ ಸರ್ಕಾರ ಪದ್ಮಭೂಷಣ ಕೊಟ್ಟಿತು. ಚಾಣಕ್ಯಪುರಿಯ ಒಂದು ರಸ್ತೆಗೆ ಈಗ ಅವರ ಹೆಸರಿದೆ.

ಮಗಳಿಗೆ ತಿಳಿಸಿ: ಐಎಫ್‌ಎಸ್ ಸೇರಿದವರೂ ಒಂದು ವಿದೇಶಿ ಭಾಷೆ ಕಲಿಯಲೇಬೇಕು. ಆ ಪಟ್ಟಿಯಲ್ಲಿ ರಷ್ಯನ್ ಕೂಡ ಇದೆ. ಪಾರ್ಟಿಗಳೂ ಇರುತ್ತವೆ, ಇಲ್ಲ ಅನ್ನುವುದಿಲ್ಲ.