ಅಳುವ ಮುಖ ಬೇಡ ಅಂದವರು ಯಾರು?

ನಿಮ್ಮ ಪತ್ರ ಓದಿದೆ. ಹವಾಮಾನ ಬದಲಾವಣೆಯ ಸುದ್ದಿಗಳಲ್ಲಿ ಬಡವರನ್ನು, ಮುದುಕರನ್ನು, ಹೆಂಗಸರನ್ನು ಬರೀ ಅಸಹಾಯಕರಂತೆ ತೋರಿಸುತ್ತಾರೆ ಎಂದು ನಾವು ಬರೆದದ್ದು ನಿಮಗೆ ಹಿಡಿಸಿಲ್ಲ. 'ಅಳುವ ಮುಖ ಕಾಣದಿದ್ದರೆ ಯಾರ ಮನಸ್ಸೂ ಕರಗೊಲ್ಲ, ನೆರವೂ ಬರೊಲ್ಲ' ಎಂದಿದ್ದೀರಿ. ಮಾತು ನಿಜವೇ. ನೆರೆ ಬಂದ ದಿನ ಆ ಚಿತ್ರ ಬೇಕು. ನನ್ನ ತಕರಾರು ಅದರ ಮರುದಿನದ್ದು.

ಮರುದಿನದ ವರದಿಯಲ್ಲಿ ಮಂತ್ರಿಗೆ ಹೆಸರಿರುತ್ತದೆ, ವಿಜ್ಞಾನಿಗೆ ಹೆಸರಿರುತ್ತದೆ. ಸೊಂಟದವರೆಗಿನ ನೀರಲ್ಲಿ ನಿಂತವಳಿಗೆ ಇರುವುದಿಲ್ಲ. ಏನೇನು ಕಳಕೊಂಡಿರಿ ಅಂತ ಅವಳನ್ನು ಕೇಳುತ್ತಾರೆ. ಮುಂದೇನು ಮಾಡಬೇಕು ಅಂತ ಕೇಳುವುದು ಮಾತ್ರ ಬೇರೆಯವರನ್ನು.

ಮಾತಾಡಲೆಂದೇ ಬಂದವರ ಗತಿಯೂ ಕೆಲವೊಮ್ಮೆ ಇಷ್ಟೇ. 2020ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಹವಾಮಾನಕ್ಕಾಗಿ ಹೋರಾಡುವ ಐವರು ಯುವತಿಯರು ಫೋಟೋಗೆ ನಿಂತರು. ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಹಂಚಿದ ಚಿತ್ರದಲ್ಲಿ ಇದ್ದದ್ದು ನಾಲ್ವರು, ನಾಲ್ವರೂ ಬಿಳಿಯರು. ಅಂಚಿನಲ್ಲಿದ್ದ ಉಗಾಂಡಾದ ವನೆಸ್ಸಾ ನಕಾಟೆಯನ್ನು ಕತ್ತರಿಸಿಬಿಟ್ಟಿದ್ದರು. ಅವರ ಹಿಂದಿದ್ದ ಕಟ್ಟಡ ಚಿತ್ರದ ಅಂದ ಕೆಡಿಸುತ್ತಿತ್ತಂತೆ! ಸಂಸ್ಥೆ ಆಮೇಲೆ ಕ್ಷಮೆ ಕೇಳಿತು, ಅದು ಬೇರೆ ಮಾತು. ಕೆಟ್ಟ ಉದ್ದೇಶ ಇತ್ತು ಅಂತ ನಾನು ಹೇಳುತ್ತಿಲ್ಲ. ಕತ್ತರಿ ಹಿಡಿದ ಕೈಗೆ ಅವರು ಇಲ್ಲದಿದ್ದರೂ ನಡೆಯುತ್ತದೆ ಅನ್ನಿಸಿತಲ್ಲ, ನನ್ನನ್ನು ಕಾಡುವುದು ಅದು.

ಬಿಸಿಗಾಳಿಯ ಸುದ್ದಿಯಲ್ಲಂತೂ ಅಳುವ ಮುಖವೂ ಇರುವುದಿಲ್ಲ. ಕಾರಂಜಿಯಲ್ಲಿ ಆಡುವ ಮಕ್ಕಳು, ಕಡಲತೀರದ ಜನಜಂಗುಳಿ, ಅಷ್ಟೇ. 2003ರಲ್ಲಿ ಯುರೋಪಿನ ಬಿಸಿಗಾಳಿಗೆ ಸುಮಾರು 70,000 ಮಂದಿ ಸತ್ತರೆಂಬ ಅಂದಾಜಿದೆ. ಅವರಲ್ಲಿ ಹೆಚ್ಚಿನವರು ವಯಸ್ಸಾದವರು. ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಸತ್ತವರ ಫೋಟೋ ಎಲ್ಲಿ ಸಿಗಬೇಕು? ಅದೇ ವಯಸ್ಸಾದವರು ಸುಮ್ನೆ ಕೂತಿಲ್ಲ ಅನ್ನುವುದೂ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸ್ವಿಟ್ಜರ್ಲೆಂಡಿನ 2,000ಕ್ಕೂ ಹೆಚ್ಚು ಹಿರಿಯ ಮಹಿಳೆಯರ ಸಂಘವೊಂದು ಹವಾಮಾನ ಬದಲಾವಣೆ ತಡೆಯಲು ಸಾಕಷ್ಟು ಮಾಡುತ್ತಿಲ್ಲ ಅಂತ ತಮ್ಮ ಸರ್ಕಾರದ ಮೇಲೆಯೇ ದಾವೆ ಹೂಡಿತು. 2024ರ ಏಪ್ರಿಲ್‌ನಲ್ಲಿ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಗೆದ್ದಿತು.

ಬಾಂಗ್ಲಾದೇಶದ ಕಥೆಯೂ ಹೀಗೇ. 1970ರ ಚಂಡಮಾರುತಕ್ಕೆ ಕಡಿಮೆ ಅಂದರೂ 3 ಲಕ್ಷ ಜನ ಸತ್ತರು. 2020ರ ಆಂಫನ್ ಚಂಡಮಾರುತದಲ್ಲಿ ಅಲ್ಲಿ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಮುನ್ಸೂಚನೆ ಸುಧಾರಿಸಿತ್ತು, ಆಶ್ರಯತಾಣಗಳಿದ್ದವು. ಜೊತೆಗೆ ಧ್ವನಿವರ್ಧಕ ಹಿಡಿದು ಮನೆಮನೆಗೆ ಎಚ್ಚರಿಕೆ ಮುಟ್ಟಿಸುವ ಸ್ವಯಂಸೇವಕರ ಪಡೆಯಿತ್ತು. ಅದರಲ್ಲಿ ಹೆಂಗಸರೂ ಬಹಳ ಮಂದಿ. ಇವರೂ ಅದೇ ನೀರಿನ ದಾರಿಯಲ್ಲಿ ಮನೆಯಿರುವವರೇ ಅಲ್ವಾ? ಅವರ ಚಿತ್ರ ನೋಡಿದರೆ ನೆರವು ಕೊಡುವವರು ಕೈ ಹಿಂದೆಗೆಯುತ್ತಾರೆ ಅಂತ ನನಗನ್ನಿಸುವುದಿಲ್ಲ.

ಎಲ್ಲರ ಹೆಸರೂ ಹಾಕಿ ಅಂತಲೂ ಹೇಳುತ್ತಿಲ್ಲ. ಮಕ್ಕಳದ್ದು ಬೇಡ. ಹೆಸರು ಹೊರಬಿದ್ದರೆ ತೊಂದರೆಗೆ ಸಿಕ್ಕುವವರದ್ದೂ ಬೇಡ. ಉಳಿದವರನ್ನು ಒಂದು ಮಾತು ಕೇಳಿ ನೋಡಬಹುದು. ಬೇಡ ಅಂದರೆ ಬಿಡೋಣ.