ಹಾಯ್ಸ್ಟ್ ಶುರುವಾದಾಗ ಕ್ರೇನ್ ರಿಮೋಟ್ ಕೈಕೊಡುತ್ತಿದೆ ಎಂದವರಿಗೆ

ನಮಸ್ಕಾರ. 10 ಟನ್ ಕ್ರೇನಿಗೆ ನೀವೇ ಮಾಡಿದ ವೈಫೈ ರಿಮೋಟ್, ಹಾಯ್ಸ್ಟ್ (ಭಾರ ಎತ್ತುವ ಭಾಗ) ಡ್ರೈವ್, ಅಂದರೆ ಅದರ ಮೋಟಾರಿನ ವೇಗ ನಿಯಂತ್ರಿಸುವ ಸಾಧನ, ಓಡಿದ ಕೂಡಲೇ ಅರ್ಧ ಸೆಕೆಂಡ್ ಸತ್ತುಹೋಗುತ್ತದೆ ಎಂದಿದ್ದೀರಿ. ರೇಡಿಯೋ ಬದಲಿಸಲೇ ಎಂದು ಕೇಳಿದ್ದೀರಿ. ಸ್ವಲ್ಪ ತಡೆಯಿರಿ.

ಡ್ರೈವ್‌ನ ಸ್ವಿಚಿಂಗ್ (ಕರೆಂಟನ್ನು ಆನ್-ಆಫ್ ಮಾಡುವ ವೇಗ) ಕೆಲವು ಕಿಲೋಹರ್ಟ್ಸ್‌ನದು. ಅದರ ಗಲಾಟೆ ವೈಫೈನ 2.4 ಗಿಗಾಹರ್ಟ್ಸ್‌ಗೆ ಏರುವಷ್ಟರಲ್ಲಿ ಸೊರಗಿರುತ್ತದೆ. ಗಾಳಿಯಲ್ಲಿ ಬರುವುದಕ್ಕಿಂತ ಪವರ್ ಸಪ್ಲೈ, ರಿಲೇ ವೈರುಗಳ ಮೂಲಕ ರಿಸೀವರ್ ಒಳಗೆ ನುಗ್ಗುವುದೇ ಜಾಸ್ತಿ. ಪರೀಕ್ಷೆ ಸುಲಭ: ರಿಸೀವರ್‌ನ ಔಟ್‌ಪುಟ್ ವೈರು ಬಿಚ್ಚಿ, ರಿಸೀವರನ್ನು ಬ್ಯಾಟರಿಯಲ್ಲಿ ನಡೆಸಿ, ಹಾಯ್ಸ್ಟನ್ನು ಪೆಂಡೆಂಟ್‌ನಿಂದ (ಕ್ರೇನಿಗೆ ವೈರಿನಲ್ಲಿ ನೇತಾಡುವ ಬಟನ್ ಪೆಟ್ಟಿಗೆ) ಓಡಿಸಿ. ಸಿಗ್ನಲ್ ನಿಂತರೆ ರೇಡಿಯೋ ಕಡೆ ನೋಡಿ. ನಿಲ್ಲದಿದ್ದರೆ ವೈರಿಂಗ್‌ನದೇ ತಪ್ಪು. ಎಸಿ ಕಾಂಟ್ಯಾಕ್ಟರ್ (ದೊಡ್ಡ ರಿಲೇ) ಕಾಯಿಲ್‌ಗೆ ಆರ್‌ಸಿ ಸ್ನಬ್ಬರ್ (ವೋಲ್ಟೇಜ್ ಜಿಗಿತ ತಗ್ಗಿಸುವ ರೆಸಿಸ್ಟರ್-ಕೆಪಾಸಿಟರ್ ಜೋಡಿ), ಡಿಸಿ ಕಾಯಿಲ್‌ಗೆ ಡಯೋಡ್ ಹಾಕಿ. ಮೋಟಾರಿಗೆ ಶೀಲ್ಡ್ (ಲೋಹದ ಹೊದಿಕೆಯ) ಕೇಬಲ್ ಇರಲಿ, ಶೀಲ್ಡನ್ನು ಎರಡೂ ತುದಿಯಲ್ಲಿ ಅರ್ಥ್ ಮಾಡಿ. ಆಂಟೆನಾ ತಗಡಿನ ಪ್ಯಾನೆಲ್ ಒಳಗಿದ್ದರೆ ಮೊದಲು ಹೊರಗೆ ತನ್ನಿ!

ಇನ್ನು ವೈಫೈ ಮೇಲೆ ಟಿಸಿಪಿ (ಕಳೆದ ಪ್ಯಾಕೆಟ್ಟನ್ನು ಮತ್ತೆ ತರಿಸುವ ನೆಟ್‌ವರ್ಕ್ ವಿಧಾನ) ಬಳಸಿದ್ದೀರಾ? ಅದು ಕಳೆದುಹೋದ ಹಳೆಯ ಪ್ಯಾಕೆಟ್ಟಿಗೆ ಕಾಯುತ್ತದೆ, ಹೊಸದು ಹಿಂದೆ ನಿಂತಿರುತ್ತದೆ. ಕ್ರೇನಿಗೆ ಹಳೆಯ ಆಜ್ಞೆ ಸುಮ್ನೆ ಕಸ, ಅಲ್ವಾ? ಟಿಸಿಪಿ ಬಿಟ್ಟು, ಕಳೆದದ್ದಕ್ಕೆ ಕಾಯದ ಯುಡಿಪಿಯಲ್ಲಿ ಚಿಕ್ಕ ಪ್ಯಾಕೆಟ್, 20 ಮಿಲಿಸೆಕೆಂಡಿಗೊಮ್ಮೆ, ಕ್ರಮಸಂಖ್ಯೆ ಮತ್ತು ಸಿಆರ್‌ಸಿ (ದೋಷ ಪತ್ತೆಯ ಅಂಕಿ) ಸೇರಿಸಿ ಕಳಿಸಿ. ಸತತ ಸುಮಾರು ಹತ್ತು ಪ್ಯಾಕೆಟ್ ಬರದಿದ್ದರೆ ಕ್ರೇನ್ ತಾನಾಗಿ ನಿಲ್ಲಬೇಕು.

ಒಂದು ಮಾತು ಖಡಾಖಂಡಿತ: ತುರ್ತು ನಿಲುಗಡೆಯನ್ನು ಈ ಬೋರ್ಡಿನ ಕೈಗೆ ಕೊಡಬೇಡಿ. ಭಾರ ಎತ್ತುವ ಕೆಲಸಕ್ಕೆ ಸುರಕ್ಷತಾ ಪ್ರಮಾಣಪತ್ರವಿರುವ ಕ್ರೇನ್ ರಿಮೋಟನ್ನೇ ಕೊಳ್ಳಿ. ನಿಮ್ಮದನ್ನು ಬೆಂಚಿನ ಮೇಲೆ ಕಲಿಯಲು ಇಟ್ಟುಕೊಳ್ಳಿ.