ರಸೀದಿ ನಂಬಿದವರ ತಪ್ಪೇನು?

ಹಾಸನದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಹಗರಣ ಮತ್ತು ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಬಗ್ಗೆ ನಾವು ಹೋದ ಸಂಚಿಕೆಯಲ್ಲಿ ಬರೆದದ್ದು ಅವರಿಗೆ ಹಿಡಿಸಿಲ್ಲ. “ಜಾಸ್ತಿ ಲಾಭದ ಆಸೆಗೆ ಬಿದ್ದವರು ಕಳೆದುಕೊಂಡರು. ಅವರಿಗಾಗಿ ಇಷ್ಟು ಪುಟ ಯಾಕೆ? ಕೋರ್ಟು ಶಿಕ್ಷೆ ಕೊಟ್ಟಾಯ್ತು, ಹಳೇ ಕಥೆ ಕೆದಕಬೇಡಿ” ಎನ್ನುತ್ತಾರೆ. ಕೊನೆಯಲ್ಲಿ ಒಂದು ಪ್ರಶ್ನೆಯೂ ಇದೆ: “ನನ್ನ ನಿವೃತ್ತಿಯ ದುಡ್ಡು ನಮ್ಮೂರಿನ ಸೌಹಾರ್ದ ಸಹಕಾರಿಯಲ್ಲಿದೆ. ಐದು ಲಕ್ಷದವರೆಗೆ ವಿಮೆ ಇದೆಯಂತಲ್ಲ, ನಿಜವೇ?”

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಕೊನೆಯ ಪ್ರಶ್ನೆಗೆ ಕೊನೆಯಲ್ಲೇ ಬರುತ್ತೇನೆ. ಮೊದಲು ಆಸೆಯ ಮಾತು.

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರು ದುಡ್ಡಿಟ್ಟ ಸೊಸೈಟಿಯ ಹೆಸರು ಇಲ್ಲಿ ಬೇಡ. ಬಾಗಿಲು ಮುಚ್ಚಿದ ಮೇಲೆ ಒಂದು ದಿನ ಎಫ್‌ಡಿ ರಸೀದಿಗಳನ್ನು ತಂದು ನನ್ನ ಮುಂದಿಟ್ಟರು. ನಾಲ್ಕು ರಸೀದಿ. ಮೊಮ್ಮಗಳ ಮದುವೆ ಪತ್ರಿಕೆಯ ಕವರಿನಲ್ಲಿ ಮಡಚಿ ಇಟ್ಟಿದ್ದರು. ಪ್ರತಿಯೊಂದರ ಮೂಲೆಗೂ ಅರಿಶಿನ ಕುಂಕುಮ ಹಚ್ಚಿತ್ತು. ದುಡ್ಡಿಡುವ ಮುಂಚೆ ಅವರು ಕೇಳದೆ ಇರಲಿಲ್ಲ. ಕೇಳಿದ್ದರು. “ಅಮ್ಮಾ, ಆಡಿಟ್ ಆಗಿದೆ, ಎ ಗ್ರೇಡ್ ಬಂದಿದೆ” ಅಂತ ಕಾರ್ಯದರ್ಶಿ ವಾರ್ಷಿಕ ವರದಿಯನ್ನೇ ತೋರಿಸಿದ್ದರಂತೆ. ಇದಕ್ಕಿಂತ ಜಾಸ್ತಿ ಆ ಅಜ್ಜಿ ಏನು ಮಾಡಬೇಕಿತ್ತು, ನೀವೇ ಹೇಳಿ.

ಈಗ ಸತ್ಯಂಗೆ ಬನ್ನಿ. 2009ರ ಜನವರಿ 7ರಂದು ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ಆಡಳಿತ ಮಂಡಳಿಗೆ ಪತ್ರ ಬರೆದು ತಪ್ಪೊಪ್ಪಿಕೊಂಡರು. ಹುಲಿ ಸವಾರಿ ಮಾಡಿದ ಹಾಗಾಗಿತ್ತು, ತಿನ್ನಿಸಿಕೊಳ್ಳದೆ ಇಳಿಯುವುದು ಹೇಗೆಂದು ತಿಳಿಯಲಿಲ್ಲ ಅಂತ ಅದರಲ್ಲಿ ಹೇಳಿಕೊಂಡಿದ್ದರು. ಎಲ್ಲರಿಗೂ ಆ ಹುಲಿ ನೆನಪಿದೆ. ಅದೇ ಪತ್ರದಲ್ಲಿದ್ದ ಲೆಕ್ಕ ಎಷ್ಟು ಜನರಿಗೆ ನೆನಪಿದೆ? ಕಂಪನಿಯ ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಬಾಕಿ ಅಂತ ತೋರಿಸಿದ್ದರಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಇಲ್ಲದ ದುಡ್ಡಿಗೆ 376 ಕೋಟಿ ಬಡ್ಡಿಯನ್ನೂ ಬರೆದುಕೊಂಡಿದ್ದರು! ಒಂದು ತ್ರೈಮಾಸಿಕದಲ್ಲಿ 649 ಕೋಟಿ ಲಾಭ ತೋರಿಸಿದ್ದರು, ನಿಜವಾಗಿ ಬಂದದ್ದು 61 ಕೋಟಿ. ಅವತ್ತು ಒಂದೇ ದಿನದಲ್ಲಿ ಷೇರಿನ ಬೆಲೆ ಸುಮಾರು 179 ರೂಪಾಯಿಯಿಂದ 40ಕ್ಕೆ ಬಿತ್ತು.

ಬ್ಯಾಂಕಿನಲ್ಲಿ ಇಷ್ಟು ದುಡ್ಡಿದೆ ಅಂತ ಕಂಪನಿ ಹೇಳಿದರೆ ಆಡಿಟರ್ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ತಾನೇ ಬ್ಯಾಂಕಿಗೆ ಪತ್ರ ಬರೆಯಬೇಕು. ಉತ್ತರ ಬ್ಯಾಂಕಿನಿಂದ ನೇರವಾಗಿ ತನ್ನ ಕೈಗೆ ಬರಬೇಕು. ನಡುವೆ ಕಂಪನಿಯವರ ಕೈ ಸೋಕಬಾರದು. ಆಡಿಟ್ ಕಲಿಯುವ ಹುಡುಗರಿಗೆ ಮೊದಲು ಹೇಳಿಕೊಡುವ ಪಾಠಗಳಲ್ಲಿ ಇದೂ ಒಂದು. ಸತ್ಯಂನಲ್ಲಿ ಆ ಪತ್ರಗಳನ್ನು ಕಳಿಸುವುದು, ಉತ್ತರ ತರಿಸಿಕೊಳ್ಳುವುದು ಎರಡನ್ನೂ ಕಂಪನಿಯವರಿಗೇ ಬಿಟ್ಟುಕೊಟ್ಟಿದ್ದರು ಅಂತ ಅಮೆರಿಕದ ನಿಯಂತ್ರಕರು 2011ರಲ್ಲಿ ಹೇಳಿ, ಆಡಿಟ್ ಮಾಡಿದ ಪ್ರೈಸ್ ವಾಟರ್‌ಹೌಸ್‌ನ ಭಾರತೀಯ ಸಂಸ್ಥೆಗಳಿಗೆ ಒಟ್ಟು 75 ಲಕ್ಷ ಡಾಲರ್ ದಂಡ ಹಾಕಿದರು. ಅಂದರೆ ಅಲ್ಲೂ ನಂಬಿದ್ದು ಒಂದು ಕಾಗದವನ್ನೇ. ಅಜ್ಜಿ ಕಾಗದ ನಂಬಿದರೆ ಅದು ವಿಶ್ವಾಸ. ನಂಬದೆ ಇರುವುದಕ್ಕೇ ಸಂಬಳ ಪಡೆದವನು ನಂಬಿದರೆ?

ಮಂಡಳಿಯಲ್ಲಿ ಸಾಮಾನ್ಯರು ಕೂತಿರಲಿಲ್ಲ. ಹಾರ್ವರ್ಡ್‌ನ ಪ್ರಾಧ್ಯಾಪಕರಿದ್ದರು, ಹೈದರಾಬಾದಿನ ದೊಡ್ಡ ಬಿಸಿನೆಸ್ ಸ್ಕೂಲಿನ ಡೀನ್ ಇದ್ದರು. ಒಳ್ಳೆಯ ಆಡಳಿತಕ್ಕೆ ಅಂತ 2008ರಲ್ಲಿ ಕಂಪನಿಗೆ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಬಂದಿತ್ತು. ಇಷ್ಟೆಲ್ಲ ನೋಡಿ ನಿಮ್ಮಂಥ ಒಬ್ಬ ಮೇಷ್ಟ್ರು ಪಿಎಫ್ ದುಡ್ಡಿನಲ್ಲಿ ನೂರು ಷೇರು ತೆಗೆದುಕೊಂಡಿದ್ದರೆ ಅದನ್ನು ದುರಾಸೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ವ್ಯಾಪಾರ ಕೆಟ್ಟು ನಷ್ಟವಾದರೆ ಷೇರು ತೆಗೆದುಕೊಂಡವನು ತಾಳಿಕೊಳ್ಳಬೇಕು, ಒಪ್ಪುತ್ತೇನೆ. ಲೆಕ್ಕವೇ ಸುಳ್ಳಾದರೆ ಅವನು ಯಾಕೆ ತಾಳಿಕೊಳ್ಳಬೇಕು?

ಶಿಕ್ಷೆ ಆಯ್ತಲ್ಲ ಎಂದಿದ್ದೀರಿ. 2015ರ ಏಪ್ರಿಲ್‌ನಲ್ಲಿ ರಾಜು ಮತ್ತು ಇನ್ನೂ ಒಂಬತ್ತು ಮಂದಿಗೆ ಏಳು ವರ್ಷ ಜೈಲಾಯಿತು. ಮುಂದಿನ ತಿಂಗಳೇ ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾಗಿ ಜಾಮೀನು ಸಿಕ್ಕಿತು. 2018ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಪ್ರೈಸ್ ವಾಟರ್‌ಹೌಸ್‌ಗೆ ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗಳ ಆಡಿಟ್ ಮಾಡದಂತೆ ಎರಡು ವರ್ಷ ನಿಷೇಧ ಹಾಕಿತು. ಮರುವರ್ಷ ಮೇಲ್ಮನವಿ ಮಂಡಳಿ ಆ ನಿಷೇಧವನ್ನು ತೆಗೆದುಹಾಕಿತು. ನನ್ನ ಹೊಟ್ಟೆ ಉರಿಯುವುದು ಇನ್ನೊಂದು ಸಂಗತಿಗೆ. ಅಮೆರಿಕದ ಕೋರ್ಟಿಗೆ ಹೋದ ಷೇರುದಾರರಿಗೆ ಕಂಪನಿ 12.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಇಲ್ಲಿನ ಸಣ್ಣ ಷೇರುದಾರರು ಎಲ್ಲರೂ ಸೇರಿ ಹಾಗೆ ದಾವೆ ಹೂಡುವುದಕ್ಕೆ ಆಗ ನಮ್ಮ ಕಂಪನಿ ಕಾನೂನಿನಲ್ಲಿ ದಾರಿಯೇ ಇರಲಿಲ್ಲ. 2013ರ ಕಾಯ್ದೆಯಲ್ಲಿ ಆ ದಾರಿ ಬಂತು, ಆದರೆ ಸತ್ಯಂನಲ್ಲಿ ಕಳೆದುಕೊಂಡವರಿಗೆ ಅದರಿಂದ ಏನೂ ದಕ್ಕಲಿಲ್ಲ. ಒಂದೇ ಕಂಪನಿ, ಒಂದೇ ಸುಳ್ಳು. ಅಲ್ಲಿಯವರಿಗೊಂದು ನ್ಯಾಯ, ಹೈದರಾಬಾದಿನವರಿಗೆ ಒಂದು. ಇದನ್ನು ಹಳೇ ಕಥೆ ಅಂತ ನಾನು ಹೇಗೆ ಮಡಚಿಡಲಿ?

ಬಸವನಗುಡಿಯ ಗುರು ರಾಘವೇಂದ್ರ ಬ್ಯಾಂಕಿನ ವಿಷಯ ನಿಮಗೆ ಗೊತ್ತೇ ಇದೆ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಒಬ್ಬ ಠೇವಣಿದಾರ 35,000 ರೂಪಾಯಿಗಿಂತ ಜಾಸ್ತಿ ತೆಗೆಯಬಾರದು ಎಂದಿತು. ಅಲ್ಲಿ ದುಡ್ಡಿಟ್ಟವರಲ್ಲಿ ಎಷ್ಟೋ ಜನ ವಯಸ್ಸಾದವರು, ತಿಂಗಳ ಬಡ್ಡಿಯಲ್ಲೇ ಮಾತ್ರೆ ತರುವವರು. ಠೇವಣಿ ವಿಮೆ 1993ರಿಂದ ಒಂದು ಲಕ್ಷದಲ್ಲೇ ನಿಂತಿತ್ತು. 2020ರ ಫೆಬ್ರವರಿಯಲ್ಲಿ ಐದು ಲಕ್ಷವಾಯಿತು. ಬ್ಯಾಂಕಿನ ಮೇಲೆ ಇಂಥ ನಿರ್ಬಂಧ ಬಿದ್ದರೆ 90 ದಿನದಲ್ಲಿ ವಿಮೆಯ ದುಡ್ಡು ಕೊಡಬೇಕು ಅನ್ನುವ ತಿದ್ದುಪಡಿ ಬಂದದ್ದು 2021ರಲ್ಲಿ. ಅಷ್ಟು ದಿನ ಅವರು ಕಾದರು.

ಈಗ ನಿಮ್ಮ ಪ್ರಶ್ನೆ. ಮೇಷ್ಟ್ರೇ, ಈ ವಿಮೆ ಬ್ಯಾಂಕುಗಳಿಗೆ ಮಾತ್ರ. ಸಹಕಾರ ಬ್ಯಾಂಕಿಗೂ ಇದೆ. ಆದರೆ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇಲ್ಲದ ಪತ್ತಿನ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಇಲ್ಲ. ನಿಮ್ಮದು ಅಂಥದ್ದಾದರೆ ಐದು ಲಕ್ಷದ ಮಾತು ನಿಮಗೆ ಅನ್ವಯಿಸುವುದಿಲ್ಲ. ಇದರ ಅರ್ಥ ಅದು ಮುಳುಗುತ್ತದೆ ಅಂತಲ್ಲ, ಗಾಬರಿಯಾಗಬೇಡಿ. ಎಷ್ಟೋ ಸಂಘಗಳು ಚೆನ್ನಾಗಿ ನಡೆಯುತ್ತಿವೆ. ಆದರೂ ಇಡೀ ಗಂಟನ್ನು ಒಂದೇ ಕಡೆ ಇಡಬೇಡಿ.

ಇನ್ನೊಂದು ಕೆಲಸ ಮಾಡಿ. ನೀವು ಷೇರುದಾರ ಸದಸ್ಯರಾಗಿದ್ದರೆ ಸೆಪ್ಟೆಂಬರ್ ಹೊತ್ತಿಗೆ ವಾರ್ಷಿಕ ಮಹಾಸಭೆಯ ನೋಟಿಸ್ ಬರುತ್ತದೆ. ಊಟ ಮಾಡಿಕೊಂಡು ಸುಮ್ನೆ ಬರಬೇಡಿ. ಎದ್ದು ನಿಂತು ಒಂದು ಪ್ರಶ್ನೆ ಕೇಳಿ: ನಮ್ಮ ಸಂಘದ ದುಡ್ಡು ಬೇರೆ ಬ್ಯಾಂಕುಗಳಲ್ಲಿ ಎಷ್ಟಿದೆ, ಅದನ್ನು ಆಡಿಟರ್ ಆ ಬ್ಯಾಂಕಿನಿಂದಲೇ ನೇರವಾಗಿ ಕೇಳಿ ತಿಳಿದುಕೊಂಡರೋ, ಇಲ್ಲ ಸಂಘದವರು ಕೊಟ್ಟ ಕಾಗದ ನೋಡಿ ಸಹಿ ಮಾಡಿದರೋ? ಪ್ರಶ್ನೆಯೂ ಉತ್ತರವೂ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ ಅಂತ ಹಟ ಹಿಡಿಯಿರಿ. ಅವರು ಏನು ಹೇಳಿದರು ಅನ್ನುವುದನ್ನು ನನಗೆ ಬರೆಯಿರಿ, ಇದೇ ಪುಟದಲ್ಲಿ ಹಾಕುತ್ತೇನೆ.